ಗಡ್ಡದ ಪಾಳಿ

ನಾನು ನಿಂತಿದ್ದು ಬೇವಿನ ಮರದ ಕೆಳಗೆ, ನೀರಿನ ತೊಟ್ಟಿಯಿಂದ ಆರು ಹೆಜ್ಜೆ ಈಚೆಗೆ, ಅಡುಗೆಮನೆಗೆ ಬೆನ್ನು ಮಾಡಿ. ಮೂರು ವರ್ಷದ ಹಿಂದೆ, ಯುಗಾದಿ ಮುಗಿದ ಮೂರನೆಯ ಬುಧವಾರ, ಬೆಳಗಿನ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಹೆಜ್ಜೆಗಳನ್ನು ಆಮೇಲೆ ಅಳೆದು ನೋಡಿದ್ದೇನೆ. ಹೊತ್ತು ಗೊತ್ತಿರುವುದು ಆಗತಾನೆ ಫೋನು ನೋಡಿ ಜೇಬಿಗೆ ಹಾಕಿಕೊಂಡಿದ್ದರಿಂದ. ಅದೇ ಜೇಬಿನಲ್ಲಿ ಹೊಸ ಬ್ಲೇಡುಗಳ ಒಂದು ಪಾಕೀಟು ಇತ್ತು. ಒಡೆದಿರಲಿಲ್ಲ. ಅದನ್ನು ಬಿಟ್ಟು ಈ ಸಂಗತಿ ಹೇಳಿದರೆ ಸುಳ್ಳು ಹೇಳಿದಂತೆ.

ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಹೋಗುವ ರಸ್ತೆಯ ಪಕ್ಕದಲ್ಲಿ, ಇರಲು ಮನೆ ಇಲ್ಲದ ಗಂಡಸರಿಗೆಂದು ನಡೆಸುವ ವಸತಿ ಅದು. ಮೊದಲು ಹತ್ತಿಯ ಗೋದಾಮಾಗಿತ್ತು. ಆಗ ಅಲ್ಲಿ ಹದಿನಾಲ್ಕು ಜನ ಇದ್ದರು. ನಾನು ಮೇಲ್ವಿಚಾರಕ. ಊಟ, ಔಷಧಿ, ಆಸ್ಪತ್ರೆಗೆ ಕರೆದೊಯ್ಯುವುದು, ಜಗಳ ಬಿಡಿಸುವುದು ನನ್ನ ಕೆಲಸ.

ಹದಿನಾಲ್ಕರಲ್ಲಿ ಒಬ್ಬರಿಗೆ ಎಚ್‌ಐವಿ ಇತ್ತು. ಅವರು ಮುಂಡರಗಿ ಕಡೆಯವರು. ಬೆಟಗೇರಿಯಲ್ಲಿ ಇಪ್ಪತ್ತು ವರ್ಷ ಮಗ್ಗದ ಕೆಲಸ ಮಾಡಿದ್ದರು, ಹಾಗಾಗಿ ಎಲ್ಲರೂ ಮಗ್ಗದ ಅಣ್ಣ ಅನ್ನುತ್ತಿದ್ದರು. ನಮ್ಮಲ್ಲಿಗೆ ಬಂದ ಮೇಲೆ ಜೋತುಬಿದ್ದ ಮಂಚಗಳಿಗೆಲ್ಲ ಅವರೇ ಹೊಸ ನವಾರದ ಪಟ್ಟಿ ಹೆಣೆದರು. ಅವರು ಬಿಗಿದ ಮಂಚದ ಮೇಲೆ ಬೆರಳಿನಿಂದ ಹೊಡೆದರೆ ಹಲಗೆಯಂತೆ ಸದ್ದು ಬರುತ್ತಿತ್ತು.

ಬಂದ ದಿನ ಅವರು ಚೀಲ ಕೆಳಗಿಡದೆ ನಿಂತೇ ಮಾತಾಡಿದರು.

"ಸರ್ರ, ಹಿಂದ ಇದ್ದಲ್ಲೆ ಗೊತ್ತಾತು. ಮೂರನೇ ದಿನಕ್ಕ ನನ್ನ ಹಾಸಿಗಿ ಹೊರಗ ಬಂತು. ಗದಗ ಬಸ್‌ಸ್ಟ್ಯಾಂಡಿನಾಗ ಇಪ್ಪತ್ತು ದಿವಸ ಮಲಗೀನಿ. ಗುಳಿಗಿ ಒಂದ ದಿನಾನೂ ತಪ್ಪಿಸಿಲ್ಲ, ಆದ್ರ ಅಲ್ಲಿ ಮತ್ತ ಮಲಗಾಕ ನನ್ನ ಕೈಲೆ ಆಗಂಗಿಲ್ರಿ. ನಿಮಗಷ್ಟ ಗೊತ್ತಿರ್ಲಿ."

"ನನಗಷ್ಟ," ಅಂದೆ.

ಆಗ ಅವರು ಚೀಲ ಕೆಳಗಿಟ್ಟರು.

ಒಟ್ಟಿಗೆ ಉಂಡರೆ, ಒಂದೇ ತಂಬಿಗೆಯಲ್ಲಿ ನೀರು ಕುಡಿದರೆ, ಮೈ ಮುಟ್ಟಿದರೆ ಏನೂ ಆಗದೆಂದು ನನಗೆ ಗೊತ್ತಿತ್ತು. ತರಬೇತಿಯಲ್ಲಿ ಕಲಿಸಿದ್ದರು. ಒಬ್ಬರ ಕಾಯಿಲೆಯನ್ನು ಅವರ ಒಪ್ಪಿಗೆ ಇಲ್ಲದೆ ಯಾರಿಗೂ ಹೇಳುವಂತಿಲ್ಲ ಎಂಬುದೂ ಗೊತ್ತಿತ್ತು. ನನ್ನ ತಲೆಗೆ ಹೊಕ್ಕಿದ್ದು ಒಂದೇ ಚಿಂತೆ: ಬ್ಲೇಡು.

ತಿಂಗಳಿಗೆ ಎರಡು ಸಲ, ಬುಧವಾರ, ಕ್ಷೌರದ ಕಾಕಾ ಬರುತ್ತಿದ್ದರು. ಐವತ್ತೈದರ ಆಸುಪಾಸಿನವರು, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಬೇವಿನ ಮರದ ಕೆಳಗೆ ಒಂದು ಕಬ್ಬಿಣದ ಕುರ್ಚಿ ಹಾಕಿಕೊಂಡು ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಪಾಳಿ ವಯಸ್ಸಿನ ಪ್ರಕಾರ. ಹಿರಿಯರು ಮೊದಲು. ಇದು ನಾನು ಬರುವುದಕ್ಕಿಂತ ಮುಂಚಿನಿಂದ ಇದ್ದ ರೂಢಿ. ಇನ್ನೊಂದು ರೂಢಿಯೂ ಇತ್ತು: ಕಾಕಾ ಒಂದು ಬ್ಲೇಡನ್ನು ಕಾಗದದ ಸಮೇತ ಎರಡು ತುಂಡು ಮಾಡಿ ಒಂದು ತುಂಡನ್ನು ಕತ್ತಿಗೆ ಸಿಗಿಸುತ್ತಿದ್ದರು. ಆ ಅರ್ಧ ಬ್ಲೇಡು ಇಬ್ಬರಿಗೆ, ಕೆಲವು ಸಲ ಮೂವರಿಗೆ.

ಮಗ್ಗದ ಅಣ್ಣ ಬಂದ ಮೊದಲ ತಿಂಗಳೇ ನಾನು ಲಕ್ಷ್ಮೇಶ್ವರದಿಂದ ಬ್ಲೇಡು ತಂದು ಅವರ ಮುಂದೆ ಹಿಡಿದಿದ್ದೆ. "ಒಬ್ಬೊಬ್ಬರಿಗೂ ಹೊಸಾದು ಹಾಕ್ರಿ ಕಾಕಾ."

ಅವರು ಪಾಕೀಟು ನೋಡಿದರು, ನನ್ನ ಮುಖ ನೋಡಿದರು. "ಯಾಕ್ರಿ ಸರ್ರ, ನನ್ನ ಕತ್ತಿ ಮ್ಯಾಲೆ ಅನುಮಾನ ಬಂತೇನ್ರಿ? ಮೂವತ್ತು ವರ್ಷ ಆತು, ಒಂದ ಮಾರಿನೂ ಕೆಡಿಸಿಲ್ಲ."

ಅವರ ಮನಸ್ಸಿಗೆ ನೋವಾಗಿತ್ತು. ನಾನು ಪಾಕೀಟನ್ನು ಜೇಬಿಗೆ ಹಾಕಿಕೊಂಡೆ. ಇನ್ನೊಂದು ಮಾತು ಒತ್ತಿ ಹೇಳಿದ್ದರೆ "ಈಗ ಯಾಕ?" ಎಂಬ ಪ್ರಶ್ನೆ ಬರುತ್ತಿತ್ತು ಎಂದು ಹೆದರಿದೆ. ಅದರ ಬದಲು ಇನ್ನೊಂದು ಉಪಾಯ ಮಾಡಿದೆ. ವಯಸ್ಸಿನ ಲೆಕ್ಕದಲ್ಲಿ ಹನ್ನೊಂದನೆಯವರಾಗಬೇಕಿದ್ದ ಮಗ್ಗದ ಅಣ್ಣನನ್ನು ಹದಿನಾಲ್ಕನೆಯವರಾಗಿ ಕೂಡಿಸಿದೆ. "ಮಂಚದ ಕೆಲಸ ಮುಗಿಸಿ ಬರ್ತಾರ," ಎಂದು ಹೇಳಿದೆ. ಅವರ ನಂತರ ಆ ಬ್ಲೇಡು ಯಾರಿಗೂ ಹೋಗುವುದಿಲ್ಲ, ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಜಾಣತನ ಮಾಡಿದೆ ಅಂದುಕೊಂಡೆ. ಅವರಿಗಿಂತ ಮೊದಲು ಕೂತವರ ರಕ್ತದಲ್ಲಿ ಏನಿದೆ ಎಂದು ನನಗೆ ಗೊತ್ತಿಲ್ಲ ಎಂಬ ಯೋಚನೆ ಕೂಡ ಬರಲಿಲ್ಲ. ಹೊಸ ಬ್ಲೇಡು ಹದಿನಾಲ್ಕು ಜನಕ್ಕೂ ಬೇಕಿತ್ತು, ಅವರೊಬ್ಬರಿಗಲ್ಲ.

ಮೂರು ಸಲ ಹೀಗೆ ನಡೆಯಿತು. ಮೂರನೆಯ ಸಲಕ್ಕೆ ಜನ ಅದಕ್ಕೊಂದು ಅರ್ಥ ಕಟ್ಟಿದ್ದರು.

ಕಟ್ಟಿದವರು ಮಾಸ್ತರ. ಗದಗಿನಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದವರು, ವಸತಿಯಲ್ಲಿ ಎಲ್ಲರಿಗಿಂತ ಹಿರಿಯರು, ಮೊದಲ ಪಾಳಿ ಅವರದೇ. ಗಡ್ಡ ಮುಗಿಸಿಕೊಂಡು ಗಲ್ಲ ಸವರಿಕೊಳ್ಳುತ್ತ ಕಟ್ಟೆಯ ಮೇಲೆ ಕೂತು ಹೇಳಿದರು, "ಸರ್ರ ಬಾಯಿಲೆ ಹೇಳಂಗಿಲ್ಲ, ಪಾಳಿ ಹೇಳ್ತೈತಿ. ಕಡೀಕ ಕುಂಡ್ರಸ್ಯಾರಂದ್ರ ಅಂವ ಯಾವ ಕೇರ್ಯಾಂವ ಅಂತ ತಿಳಕೋರಿ."

ಮಗ್ಗದ ಅಣ್ಣನ ಜಾತಿ ಯಾವುದೆಂದು ನನಗೆ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಕಾಕಾ ಕತ್ತಿ ಒರೆಸುತ್ತ ನನ್ನ ಕಡೆ ತಿರುಗಿದರು. ನಾನು ಅಲ್ಲ ಎನ್ನಲಿ ಎಂದು ಕಾದಂತಿತ್ತು. ನಾನು ಅಲ್ಲ ಎನ್ನಲಿಲ್ಲ. ಆ ತಪ್ಪು ತಿಳಿವಳಿಕೆ ನನಗೆ ಅನುಕೂಲವಾಗಿತ್ತು. ಜಾತಿ ಎಂದುಕೊಂಡರೆ ಕಾಯಿಲೆಯ ಕಡೆ ಯಾರ ಲಕ್ಷ್ಯವೂ ಹೋಗುವುದಿಲ್ಲ. ಮಗ್ಗದ ಅಣ್ಣ ಅಲ್ಲೇ, ಹತ್ತು ಹೆಜ್ಜೆಯಲ್ಲಿ, ನವಾರ ಎಳೆಯುತ್ತ ಕೂತಿದ್ದರು. ಕೇಳಿಸಿತ್ತು. ತಲೆ ಎತ್ತಲಿಲ್ಲ.

ಕಾಕಾ ಮಾತ್ರ ಹೇಳಿದರು, "ಮಾಸ್ತರ, ನಮ್ಮಪ್ಪ ಕೆಲವು ಮಂದಿ ಗಡ್ಡಕ್ಕ ಕೈ ಹಚ್ಚತಿದ್ದಿಲ್ಲ. ಹಚ್ಚಿದ್ರ ಊರವರು ಬಿಡ್ತಿದ್ದಿಲ್ಲ. ನಾ ಅದನ್ನ ಬಿಟ್ಟು ಬಾಳ ದಿನ ಆತು. ನನ್ನ ಕೈಗೆ ಎಲ್ಲಾ ಗಡ್ಡಾ ಒಂದ."

ಇನ್ನು ಆ ಬುಧವಾರ.

ಕಾಕಾ ಬೆಳಿಗ್ಗೆಯೇ ಅವಸರದಲ್ಲಿದ್ದರು. ಯಳವತ್ತಿಯಲ್ಲಿ ಮದುವೆ, ಹನ್ನೆರಡರೊಳಗೆ ಹೋಗಿ ಮದುಮಗನ ಗಡ್ಡ ಮಾಡಬೇಕಿತ್ತು. ಮಾಸ್ತರ ಕುರ್ಚಿಯಲ್ಲಿ ಕೂತೇ ಕೆಣಕಿದರು.

"ಏನ ಕಾಕಾ, ಗಡ್ಡ ಹೆರಿಯಾಕತ್ತೀಯೋ, ಕಬ್ಬ ಸುಲಿಯಾಕತ್ತೀಯೋ?"

"ನಿಮ್ಮದು ಗಡ್ಡ ಅಲ್ರಿ ಮಾಸ್ತರ, ಜಾಲಿ ಕಂಟಿ. ಕತ್ತಿ ಬಿಟ್ಟು ಕೊಡ್ಲಿ ತರಬೇಕಿತ್ತು."

ಎಲ್ಲರೂ ನಕ್ಕರು. ಅಡುಗೆಯ ಅಕ್ಕ ಒಳಗಿನಿಂದಲೇ ನಕ್ಕಿದ್ದು ನನಗೆ ಕೇಳಿಸಿತು.

ಹದಿಮೂರು ಜನ ಮುಗಿದಾಗ ಮರದ ನೆರಳು ಸರಿದು ಕುರ್ಚಿ ಬಿಸಿಲಿಗೆ ಬಿದ್ದಿತ್ತು. ಕಾಕಾ ಪೆಟ್ಟಿಗೆಗೆ ಕೈ ಹಾಕಿದರು. "ಸರ್ರ, ಇವತ್ತ ಒಂದು ಗಡ್ಡ ಬಿಡೂಣು. ಹೊತ್ತಾತು."

"ಬಿಡ್ರಿ, ಮುಂದಿನ ಸಲ ಆತು," ಅಂದರು ಮಗ್ಗದ ಅಣ್ಣ.

ಬೇಡ, ಮಾಡಿ ಅಂದವನು ನಾನು. ಮರುದಿನ ಅವರು ಗುಳಿಗೆ ತರಲು ಗದಗಿಗೆ ಹೋಗುವವರಿದ್ದರು. ಆ ದಿನಕ್ಕೆ ಅವರು ಯಾವಾಗಲೂ ಗಡ್ಡ ಮಾಡಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು ಹೋಗುತ್ತಿದ್ದರು. "ಅಲ್ಲಿಗೆ ಹೋದಾಗ ರೋಗಿ ಕಂಡಂಗ ಕಾಣಬಾರದ್ರಿ," ಎಂದು ಒಮ್ಮೆ ಹೇಳಿದ್ದರು. ಅದನ್ನು ನೆನೆಸಿಕೊಂಡು ಒತ್ತಾಯ ಮಾಡಿದೆ. ಅವರು ಕೂತರು. ಕಾಕಾ ಬ್ಲೇಡು ಬದಲಿಸಲಿಲ್ಲ. ಅದು ಆಗಲೇ ಇಬ್ಬರ ಮುಖ ಕಂಡಿತ್ತು. ನನ್ನ ಕೈ ಜೇಬಿನ ಮೇಲಿತ್ತು. ಕೈ ಜೇಬಿನ ಒಳಗೆ ಹೋಗಲಿಲ್ಲ.

ಎಡಗೆನ್ನೆ ಮುಗಿಯಿತು. ಬಲಗಡೆಯ ದವಡೆಯ ಕೆಳಗೆ, ಚರ್ಮವನ್ನು ಬಿಗಿಯಾಗಿ ಹಿಡಿಯಲೆಂದು ಕಾಕಾ ತಮ್ಮ ಎಡಗೈ ಹೆಬ್ಬೆರಳನ್ನು ಒತ್ತಿದ್ದರು. ಮೊಂಡು ಬ್ಲೇಡು ಕೂದಲಿಗೆ ಸಿಕ್ಕು ನಿಂತಿತು, ಕಾಕಾ ಜೋರು ಹಾಕಿದರು, ಕತ್ತಿ ಜಾರಿತು. ಒಂದೇ ಸಲಕ್ಕೆ ದವಡೆಯೂ ಹೆಬ್ಬೆರಳೂ ಕೊಯ್ದುಹೋದವು. ಸಾಬೂನಿನ ನೊರೆಯ ಮೇಲೆ ಮೊದಲು ಒಂದು ಕೆಂಪು ಗೆರೆ ಬಂತು, ಆಮೇಲೆ ಹನಿ. ಯಾವುದು ಯಾರದೆಂದು ನನಗೆ ಕಾಣಲಿಲ್ಲ.

ನನ್ನ ಬಾಯಿಂದ ಬಂದ ಮಾತು ಇದು. ಒಂದು ಅಕ್ಷರವನ್ನೂ ಬದಲಿಸಿಲ್ಲ:

"ಕಾಕಾ, ಕೈ ತೆಗೀರಿ! ಅವರನ್ನ ಮುಟ್ಟಬ್ಯಾಡ್ರಿ!"

ಕಾಕಾ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿದ್ದದ್ದು ಹೆದರಿಕೆಯಲ್ಲ, ಅಸಹ್ಯ. ಹಿಂದಿನಿಂದ ಮಾಸ್ತರ, "ರಕ್ತ ಹತ್ತಿತಲ್ಲೋ ಕಾಕಾ, ಮೈಲಿಗಿ ಆತು," ಅಂದರು.

"ಸರ್ರ," ಅಂದರು ಕಾಕಾ, "ನೀವೂ ಹಿಂಗ ಏನ್ರಿ? ಓದಿದವರು ನೀವು. ಅವರ ರಕ್ತ ಹತ್ತಿದ್ರ ನಾನೇನು ಕರಗಿ ಹೋಗ್ತೀನಿ? ನೋಡ್ರಿ, ಮುಟ್ಟೀನಿ."

ಹಾಗೆಂದು ಪಟಿಕದ ಕಲ್ಲನ್ನು ನೀರಿಗೆ ಅದ್ದಿ, ರಕ್ತ ಸುರಿಯುತ್ತಿದ್ದ ಅದೇ ಕೈಯಲ್ಲಿ ಹಿಡಿದು, ಮಗ್ಗದ ಅಣ್ಣನ ದವಡೆಯ ಗಾಯಕ್ಕೆ ಒತ್ತಿದರು. ಕಲ್ಲಿನ ಅಂಚು ದಾಟಿ ಹೆಬ್ಬೆರಳು ಗಾಯದ ಮೇಲೆಯೇ ಕೂತಿತ್ತು. ನನಗೆ ಪಾಠ ಕಲಿಸಲು, ಹದಿಮೂರು ಜನರ ಎದುರಿಗೆ, ಅವರು ಆ ಕೈಯನ್ನು ಅಲ್ಲಿಯೇ ಇಟ್ಟರು.

ನೀರಿನ ತೊಟ್ಟಿಗೆ ಆರೇ ಹೆಜ್ಜೆ. ಹೇಳಬೇಕಾದ ಮಾತು ನನ್ನಲ್ಲಿತ್ತು, ಹೇಳುವ ಹಕ್ಕು ನನಗಿರಲಿಲ್ಲ. ಹೇಳದಿದ್ದರೆ ಕಾಕಾ ಆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಯಳವತ್ತಿಗೆ ಹೋಗುತ್ತಾರೆ. ಹೇಳಿದರೆ ಮಗ್ಗದ ಅಣ್ಣನ ಹಾಸಿಗೆ ಮತ್ತೆ ಹೊರಗೆ ಬರುತ್ತದೆ. ಎಷ್ಟು ಹೊತ್ತು ಹಾಗೆ ನಿಂತೆ ಎಂದು ಕೇಳಿದರೆ, ಎರಡು ಉಸಿರಿನಷ್ಟು ಎನ್ನುತ್ತೇನೆ. ಅಡುಗೆಯ ಅಕ್ಕ ಹೇಳುವಂತೆ ಅದಕ್ಕಿಂತ ಜಾಸ್ತಿ. ಮೂರನೆಯ ಉಸಿರಿಗೆ ನಾನು ಹೇಳುತ್ತಿದ್ದೆನೇ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಅವರು ನನಗೆ ಆ ಅವಕಾಶ ಕೊಡಲಿಲ್ಲ.

ಮಗ್ಗದ ಅಣ್ಣ ಕಾಕಾನ ಮಣಿಕಟ್ಟು ಹಿಡಿದು ದೂರ ಸರಿಸಿದರು. ಎದ್ದು ನಿಂತರು. ಅರ್ಧ ಮುಖದ ಮೇಲೆ ನೊರೆ ಹಾಗೇ ಇತ್ತು.

"ಕಾಕಾ, ಜಾತಿ ಅಲ್ರಿ. ನನಗ ಎಚ್‌ಐವಿ ಐತಿ. ಕೈ ತೊಳೀರಿ. ಜಲ್ದಿ ತೊಳೀರಿ."

ಮೊದಲು ಅಲುಗಾಡಿದ್ದು ಅಡುಗೆಯ ಅಕ್ಕ. ಯಾವಾಗ ಹೊರಗೆ ಬಂದಿದ್ದಳೋ, ನನ್ನನ್ನು ಪಕ್ಕಕ್ಕೆ ತಳ್ಳಿ ತೊಟ್ಟಿಯ ನಳ ಬಿಟ್ಟಳು. "ನಿಂತು ಏನ ನೋಡಾಕತ್ತೀರಿ ಎಲ್ಲಾರೂ? ಬಾ ಕಾಕಾ, ಇಲ್ಲೆ ಹಿಡಿ ಕೈ." ಆಗ ನನಗೆ ಕಾಲು ಬಂತು. ಗಾಯ ಹಿಂಡಬೇಡಿ, ಪಟಿಕ ಹಚ್ಚಬೇಡಿ, ಹರಿಯುವ ನೀರು, ಸಾಬೂನು ಸಾಕು ಎಂದೆ. ಗೊತ್ತಿದ್ದನ್ನೆಲ್ಲ ಆಗ ಹೇಳಿದೆ. ಕಾಕಾ ಸಾಬೂನು ಹಚ್ಚಿ ಮತ್ತೆ ಮತ್ತೆ ತೊಳೆದರು.

ಗದಗಿನ ಚಿಕಿತ್ಸಾ ಕೇಂದ್ರದ ಸಮಾಲೋಚಕಿಗೆ ನಾನು ಫೋನು ಮಾಡಿದ್ದು ಹನ್ನೊಂದಕ್ಕೆ ಎರಡು ನಿಮಿಷ ಇದ್ದಾಗ. ತಕ್ಷಣ ಕರೆತನ್ನಿ, ತಡೆಯುವ ಮಾತ್ರೆ ಇದೆ, ಎಷ್ಟು ಬೇಗ ಶುರುಮಾಡಿದರೆ ಅಷ್ಟು ಒಳ್ಳೆಯದು ಎಂದರು. ರಸ್ತೆಯಲ್ಲಿ ಹೋಗುತ್ತಿದ್ದ ಒಂದು ಟಂಟಂ ಆಟೋ ನಿಲ್ಲಿಸಿದೆ. ಕಾಕಾ ಹತ್ತಿದರು, ನಾನು ಹತ್ತಿದೆ. ಮಗ್ಗದ ಅಣ್ಣ ಒಳಗೆ ಹೋಗಿ ಬಂದರು. ಮುಖ ತೊಳೆದಿದ್ದರು, ಕೈಯಲ್ಲಿ ಆಸ್ಪತ್ರೆಯ ಕಾಗದದ ಚೀಲ ಇತ್ತು, ಬಟ್ಟೆಯ ಚೀಲವೂ ಇತ್ತು. "ನನ್ನ ಕಾಗದ ಡಾಕ್ಟರ್ ಕೇಳ್ತಾರ," ಅಂದರು. ಬಟ್ಟೆಯ ಚೀಲ ಯಾಕೆಂದು ನಾನು ಕೇಳಲಿಲ್ಲ. ಅದು ಅವರು ಬಂದ ದಿನ ಕೆಳಗಿಡದೆ ಹಿಡಿದುಕೊಂಡಿದ್ದ ಚೀಲ.

ಶಿರಹಟ್ಟಿ ದಾಟಿದ ಮೇಲೆ ಕಾಕಾ ರಸ್ತೆಯ ಕಡೆ ನೋಡುತ್ತಲೇ ಕೇಳಿದರು.

"ನಿಮಗ ಗೊತ್ತಿತ್ತು."

"ಗೊತ್ತಿತ್ತು."

"ಅದಕ್ಕ ಕಡೀ ಪಾಳಿ."

"ಹೌದ್ರಿ."

"ನಾ ಜಾತಿ ಅನ್ಕೊಂಡಿದ್ದೆ."

"ಅದೂ ಗೊತ್ತಿತ್ತು."

ಅವರು ಈಗ ನನ್ನ ಕಡೆ ತಿರುಗಿದರು. "ಅವರ ಖಬರ ನನಗ ಹೇಳಬೇಕಾಗಿದ್ದಿಲ್ಲ. ಅದು ಅವರದು. ಆದ್ರ ಎಲ್ಲಾರಿಗೂ ಹೊಸ ಬ್ಲೇಡ್ ಹಾಕೋ ಮಾರಾಯ ಅಂತ ನನಗ ಬೈದು ಹೇಳಿದ್ರ, ನಾ ನಿಮ್ಮನ್ನ ಹೊಡೀತಿದ್ನೇನ್ರಿ? ಒಂದ್ಸಲ ಸಿಟ್ಟಾಗ್ತಿದ್ದೆ. ಅಷ್ಟ."

ಜೇಬಿನಿಂದ ಪಾಕೀಟು ತೆಗೆದು ಅವರ ಕೈಗೆ ಕೊಟ್ಟೆ. ಅವರು ಅದನ್ನು ನೋಡಿ, ಇವತ್ತಿನದೇ ಎಂದು ಕೇಳಿದರು. ಮೊದಲ ತಿಂಗಳಿನದು ಅಂದೆ.

ಆಸ್ಪತ್ರೆಯಲ್ಲಿ ವೈದ್ಯರು ಮಗ್ಗದ ಅಣ್ಣನ ಕಾಗದಗಳನ್ನು ಮೊದಲು ನೋಡಿದರು. ಇವರು ಗುಳಿಗೆ ತಪ್ಪಿಸಿಲ್ಲ, ರಕ್ತದಲ್ಲಿ ವೈರಾಣು ಲೆಕ್ಕಕ್ಕೆ ಸಿಗದಷ್ಟು ಕಡಿಮೆ ಇದೆ, ಹಾಗಾಗಿ ಅಪಾಯ ತೀರಾ ಕಡಿಮೆ ಎಂದರು. ಆದರೂ ಗಾಯಕ್ಕೆ ಗಾಯ ತಾಗಿದೆ, ಇಪ್ಪತ್ತೆಂಟು ದಿನ ಮಾತ್ರೆ ತೆಗೆದುಕೊಳ್ಳಿ, ಮೂರು ತಿಂಗಳವರೆಗೆ ಹೇಳಿದಾಗ ಬಂದು ರಕ್ತ ಕೊಡಿ. ಕಾಕಾ ಮೊದಲ ಮಾತ್ರೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಬೆಂಚಿನ ಮೇಲೆ ಬಹಳ ಹೊತ್ತು ಕೂತರು. ಪಕ್ಕದಲ್ಲಿ ಮಗ್ಗದ ಅಣ್ಣ ನೀರಿನ ಬಾಟಲಿ ಹಿಡಿದು ನಿಂತಿದ್ದರು.

"ಮೊದಲ ವಾರ ಹೊಟ್ಟಿ ತೊಳಸ್ತೈತಿ," ಅಂದರು. "ರೊಟ್ಟಿ ತಿಂದು ತಗೋರಿ. ಬಿಡಬ್ಯಾಡ್ರಿ ಮಾತ್ರ."

"ನೀವು ಎಷ್ಟ ವರ್ಷ ಆತ್ರಿ ತಗೋಳಾಕತ್ತಿ?"

"ಒಂಬತ್ತು."

ಕಾಕಾ ಮಾತ್ರೆ ನುಂಗಿದರು. ಫೋನು ಬಡಿದುಕೊಳ್ಳುತ್ತಿತ್ತು. ಯಳವತ್ತಿಯಿಂದ. "ಮದಿಮಗಗ ಹೇಳ್ರಿ, ತಾನ ಹೆರಕೋ ಅಂತ," ಎಂದು ಇಟ್ಟರು.

ಹೊರಗೆ ಬಂದಾಗ ಮಗ್ಗದ ಅಣ್ಣ ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು. ನಾನು ಹಿಂದೆ ಹೋಗಿ ಚೀಲ ಹಿಡಿದುಕೊಂಡೆ. "ಅಲ್ಲೆ ನನ್ನ ಹಾಸಿಗಿ ಇನ್ನ ಇರ್ತೈತೇನ್ರಿ ಸರ್ರ? ಖರೆ ಹೇಳ್ರಿ," ಅಂದರು. ಖರೆ ಹೇಳುವುದಾದರೆ ನನಗೆ ಗೊತ್ತಿರಲಿಲ್ಲ, ಹಾಗೆಂದೇ ಹೇಳಿದೆ. ಆದರೆ ಹಾಸಿಗೆ ಹೊರಗೆ ಬಂದರೆ ಅದರ ಜೊತೆ ನಾನೂ ಹೊರಗೆ ಬರುತ್ತೇನೆ ಅಂದೆ. ಅವರು ನಂಬಿದರೋ ಇಲ್ಲವೋ. ಚೀಲವನ್ನಂತೂ ಬಿಟ್ಟರು.

ಹಾಸಿಗೆ ಒಳಗೇ ಇತ್ತು. ಆದರೆ ಅದರ ಎರಡೂ ಪಕ್ಕದ ಮಂಚಗಳು ಇರಲಿಲ್ಲ. ಗೋಡೆಯ ಕಡೆಗೆ ಎಳೆದುಕೊಂಡು ಹೋಗಿದ್ದರು. ಒಂದು ಮಾಸ್ತರದು. ಇನ್ನೊಂದು, ಮುಂಡರಗಿಯ ಖಾನಾವಳಿಯಲ್ಲಿ ಬಡಿಸುವ ಕೆಲಸ ಮಾಡಿ ಕಾಲು ಮುರಿದುಕೊಂಡು ಬಂದಿದ್ದವರದು. ಎರಡೂ ಮಂಚಗಳ ನವಾರ ಮಗ್ಗದ ಅಣ್ಣನೇ ಹೆಣೆದದ್ದು. ಮಾಸ್ತರ ನನ್ನನ್ನು ಕರೆದು, "ಅಂವ ಇರಬೇಕು ಇಲ್ಲಾ ನಾವು ಇರಬೇಕು," ಅಂದರು. ಸಮಾಲೋಚಕಿ ಎರಡು ಸಲ ಬಂದು ಎಲ್ಲರನ್ನೂ ಕೂಡಿಸಿ ಮಾತಾಡಿದರು. ಯಾರನ್ನೂ ಹೊರಗೆ ಹಾಕುವಂತಿಲ್ಲ, ಕಾನೂನಿದೆ ಎಂದರು. ಜನ ಕೇಳಿಸಿಕೊಂಡರು. ಮಂಚಗಳು ಗೋಡೆಯ ಹತ್ತಿರವೇ ಉಳಿದವು. ಅಡುಗೆಯ ಅಕ್ಕ ಮೊದಲ ರೊಟ್ಟಿಯನ್ನು ದಿನವೂ ಮಗ್ಗದ ಅಣ್ಣನ ತಾಟಿಗೇ ಹಾಕತೊಡಗಿದಳು. ಮಾಸ್ತರ ಅದಕ್ಕೆ ಎರಡು ದಿನ ಉಪವಾಸ ಇದ್ದು ನೋಡಿದರು, ಮೂರನೆಯ ದಿನ ಉಂಡರು.

ಕಾಕಾ ಎರಡು ಬುಧವಾರ ಬರಲಿಲ್ಲ. ಎಲ್ಲರ ಗಡ್ಡವೂ ಬೆಳೆಯಿತು. ಮೂರನೆಯದಕ್ಕೆ ಬಂದರು. ಸ್ವಲ್ಪ ಇಳಿದಿದ್ದರು, ಇಪ್ಪತ್ತೆಂಟು ದಿನದ ಮಾತ್ರೆ ಮುಗಿದು ಎರಡು ವಾರವಾಗಿತ್ತು ಅಷ್ಟೆ. ಪೆಟ್ಟಿಗೆ ಬಿಚ್ಚಿ ನನ್ನ ಪಾಕೀಟನ್ನು ಎಲ್ಲರಿಗೂ ಕಾಣುವಂತೆ ಕುರ್ಚಿಯ ಪಕ್ಕ ಇಟ್ಟರು. ಅದರ ಜೊತೆ ತಾವೇ ತಂದ ಇನ್ನೊಂದು. ಹಳೆಯ ಬ್ಲೇಡು ಹಾಕಲು ಒಂದು ಡಬ್ಬಿ.

"ಒಂದ ಮಾರಿಗೆ ಒಂದ ಬ್ಲೇಡು," ಅಂದರು. "ಪಾಳಿ ವಯಸ್ಸಿನ ಪ್ರಕಾರ. ಸರ್ರ ನಡುವ ಬಾಯಿ ಹಾಕಂಗಿಲ್ಲ. ಬರ್ರಿ ಮಾಸ್ತರ, ಜಾಲಿ ಕಂಟಿ ತರ್ರಿ."

ಮಾಸ್ತರ ಬಂದು ಮಾಡಿಸಿಕೊಂಡರು. ಮೊದಲನೆಯವರಿಗೆ ಅದು ಸುಲಭ. ಹತ್ತು ಜನ ಮುಗಿದರು. ಕಾಕಾ ಹನ್ನೊಂದನೆಯವರನ್ನು ಕರೆದರು. ಮಗ್ಗದ ಅಣ್ಣ ನವಾರದಿಂದ ಕೈ ತೆಗೆಯಲಿಲ್ಲ. "ನಂದು ಕಡೀಕ ಆಗ್ಲಿ ಕಾಕಾ," ಅಂದರು. "ಕಡೀಕ ಕುಂತು ಏನಾತು ಅಂತ ನೋಡೀರಲ್ಲ," ಅಂದರು ಕಾಕಾ, "ಬರ್ರಿ." ಬಂದು ಕೂತರು. ಕಾಕಾ ಹೊಸ ಬ್ಲೇಡು ಒಡೆದು, ಸಾವಕಾಶ, ದವಡೆಯ ಹಳೆಯ ಕಲೆಯ ಸುತ್ತ ಬಳಸಿಕೊಂಡು ಮಾಡಿದರು. ಬ್ಲೇಡು ಡಬ್ಬಿಗೆ ಬಿತ್ತು.

ಈಗ ಹನ್ನೆರಡನೆಯವರು. ಖಾನಾವಳಿಯವರು. ಕುರ್ಚಿ ಖಾಲಿ ಇತ್ತು. ಅವರು ಕಟ್ಟೆಯ ಮೇಲಿಂದ ಏಳಲಿಲ್ಲ. ಮಗ್ಗದ ಅಣ್ಣ ಮಂಚದ ಹತ್ತಿರ ಹೋಗದೆ ಅರ್ಧ ದಾರಿಯಲ್ಲಿ ಬೆನ್ನು ಮಾಡಿಕೊಂಡು ನಿಂತಿದ್ದರು. ಕಾಕಾ ಕತ್ತಿಯನ್ನು ಒರೆಸಿದರು, ಮತ್ತೆ ಒರೆಸಿದರು. ನಾನು ಅದೇ ಬೇವಿನ ಮರದ ಕೆಳಗೆ ಇದ್ದೆ. ಬಾಯಿ ಹಾಕಲಿಲ್ಲ.

ಖಾನಾವಳಿಯವರು ಕೋಲು ಊರಿಕೊಂಡು ಎದ್ದರು. ಕುರ್ಚಿಯ ತನಕ ಬಂದರು. "ಬ್ಲೇಡ್ ತೋರಸು," ಅಂದರು. ಕಾಕಾ ತೋರಿಸಿದರು. ಅವರು ಕಾಗದ ಬಿಚ್ಚಿ, ಬಿಸಿಲಿಗೆ ಹಿಡಿದು, ಎರಡೂ ಮೈ ನೋಡಿ ವಾಪಸು ಕೊಟ್ಟರು. ಕುರ್ಚಿಯ ಮೇಲೆ ಕೂತರು. ಮಗ್ಗದ ಅಣ್ಣ ಅಲ್ಲಿಂದ ನಡೆದರು.

ಇದನ್ನು ಬರೆಯಬಹುದೇ ಎಂದು ಮಗ್ಗದ ಅಣ್ಣನನ್ನೂ ಕಾಕಾನನ್ನೂ ಕೇಳಿದ್ದೇನೆ. ಹೆಸರು ಬೇಡ, ಉಳಿದದ್ದು ಬರೆಯಿರಿ ಎಂದರು ಇಬ್ಬರೂ. ಮಗ್ಗದ ಅಣ್ಣ ಓದಿಸಿ ಕೇಳಿ ಒಂದು ತಿದ್ದುಪಡಿ ಹೇಳಿದರು. ನಾನು ಮೊದಲು ಗಾಯ ಎಡದವಡೆಯಲ್ಲಿ ಎಂದು ಬರೆದಿದ್ದೆ. ಅವರು ನನ್ನ ಬೆರಳು ಹಿಡಿದು ಬಲಗಡೆಯ ಕಲೆಯ ಮೇಲೆ ಇಟ್ಟರು.

ಆ ಬುಧವಾರ ಅಂಗಳದಲ್ಲಿದ್ದು ಕಂಡವರಲ್ಲಿ ಮಾಸ್ತರ ಹೋದ ಮಳೆಗಾಲದಲ್ಲಿ ಎದೆನೋವಿನಿಂದ ತೀರಿಕೊಂಡರು. ಅವರ ಮಂಚ ಕೊನೆಯವರೆಗೂ ಗೋಡೆಯ ಹತ್ತಿರವೇ ಇತ್ತು. ಇನ್ನೂ ಇಬ್ಬರು ಹಿರಿಯರು ಈಗಿಲ್ಲ. ಇರುವವರು: ಅಡುಗೆಯ ಅಕ್ಕ, ಅದೇ ಒಲೆಯ ಮುಂದೆ. ಖಾನಾವಳಿಯವರು, ಮಂಚವನ್ನು ಮೊದಲಿದ್ದ ಜಾಗಕ್ಕೆ ತಂದುಕೊಂಡಿದ್ದಾರೆ, ಯಾವಾಗ ಎಂದು ನಾನು ಗಮನಿಸಲಿಲ್ಲ. ಕಾಕಾ, ಮೂರು ತಿಂಗಳ ಕೊನೆಯ ರಕ್ತ ಪರೀಕ್ಷೆಯಲ್ಲಿ ಅವರಿಗೆ ಏನೂ ತಗುಲಿರಲಿಲ್ಲ. ಮಗ್ಗದ ಅಣ್ಣ, ವಯಸ್ಸಿನ ಪ್ರಕಾರ ಈಗ ಅವರದು ಎಂಟನೆಯ ಪಾಳಿ. ಮತ್ತು ನಾನು, ಆರು ಹೆಜ್ಜೆ ಈಚೆಗೆ ನಿಂತಿದ್ದವನು.